ಸಂಪಾದಕರ ಉತ್ತರ: ಹಳೇ ಬೆಂಕಿ ಪ್ರಕರಣಕ್ಕೆ ಪೆಟ್ರೋಲ್ ಒಂದೇ ಸಾಲದು

ಮಾನ್ಯರೇ,

ಕಳೆದ ಸಂಚಿಕೆಯ ಪತ್ತೇದಾರಿ ಕಥೆಯ ಬಗ್ಗೆ ನಿಮ್ಮ ತಕರಾರು ಎರಡು. 30 ವರ್ಷದ ಹಿಂದೆ ಮನೆಗೆ ಬೆಂಕಿ ಇಟ್ಟರೆನ್ನುವ ಪ್ರಕರಣವನ್ನು ಮತ್ತೆ ತೆರೆದ ಪತ್ತೇದಾರ ಮುಕ್ಕಾಲು ಕಥೆ ಕಡತ ಓದುತ್ತಲೇ ಕೂರುತ್ತಾನೆ ಅನ್ನುವುದು ಒಂದು. ಠಾಣೆಯ ಪ್ಲಾಸ್ಟಿಕ್ ಚೀಲದಲ್ಲಿದ್ದ ಕಾರ್ಪೆಟ್ ತುಂಡನ್ನು ಪ್ರಯೋಗಾಲಯಕ್ಕೆ ಕಳಿಸಲೇ ಇಲ್ಲ ಅನ್ನುವುದು ಇನ್ನೊಂದು. ‘ಪೆಟ್ರೋಲ್ ಸಿಕ್ಕಿದ್ದರೆ ಅಲ್ಲಿಗೇ ಮುಗಿಯುತ್ತಿತ್ತಲ್ಲ?’ ಎಂದು ಕೇಳಿದ್ದೀರಿ.

ಮೊದಲು ಆ ಚೀಲ. ಸಾಮಾನ್ಯ ಪಾಲಿಥೀನ್ ಪೆಟ್ರೋಲ್ ಆವಿಯನ್ನು ತಡೆಯುವುದಿಲ್ಲ. ಒಳಗಿನದು ಹೊರಗೆ ಹೋಗುತ್ತದೆ, ಪಕ್ಕದ ಚೀಲದ್ದು ಒಳಗೂ ಬರಬಹುದು. ಅದಕ್ಕೇ ಇಂಥ ಮಾದರಿಗಳನ್ನು ಬಿಗಿ ಮುಚ್ಚಳದ ತಗಡಿನ ಡಬ್ಬಿ, ಗಾಜಿನ ಜಾಡಿ ಅಥವಾ ಈ ಕೆಲಸಕ್ಕೆಂದೇ ಮಾಡಿದ ನೈಲಾನ್ ಚೀಲದಲ್ಲಿ, ಮೇಲೆ ಆವಿಗೆ ಜಾಗ ಬಿಟ್ಟು ಇಡುತ್ತಾರೆ. ಮಾದರಿಯಲ್ಲಿ ಮಣ್ಣು ಬೆರೆತಿದ್ದರೆ ಬ್ಯಾಕ್ಟೀರಿಯಾಗಳೇ ಪೆಟ್ರೋಲ್ ಅಂಶವನ್ನು ತಿಂದು ಮುಗಿಸುತ್ತವೆ. ಹಾಗಾಗಿ 30 ವರ್ಷದ ಆ ಚೀಲದಲ್ಲಿ ಏನೂ ಸಿಗದಿದ್ದರೆ ಅದಕ್ಕೆ ಅರ್ಥವಿಲ್ಲ. ಸಿಕ್ಕರೂ ನಂಬುವ ಹಾಗಿಲ್ಲ. ಸಾಲದ್ದಕ್ಕೆ ಸಿಂಥೆಟಿಕ್ ಕಾರ್ಪೆಟ್ ಸುಟ್ಟಾಗ ತಾನೇ ಟೊಲ್ವೀನ್, ಸ್ಟೈರೀನ್ ಎಂಬ ರಾಸಾಯನಿಕಗಳನ್ನು ಬಿಡುತ್ತದೆ, ಅವು ಪೆಟ್ರೋಲಿನ ಪರೀಕ್ಷೆಯನ್ನು ಗೊಂದಲಗೊಳಿಸುತ್ತವೆ. ಪೆಟ್ರೋಲ್ ತಾಗದ ಮೂಲೆಯಿಂದ ಅದೇ ಕಾರ್ಪೆಟ್ಟಿನ ಇನ್ನೊಂದು ತುಂಡನ್ನು ಹೋಲಿಕೆಗೆ ತೆಗೆದಿಟ್ಟಿರದಿದ್ದರೆ ಯಾವುದು ಯಾವುದರದ್ದೆಂದು ಹೇಳುವುದು ಕಷ್ಟ.

ಬೆಂಕಿ ಬಿದ್ದ ಕಾಲದಲ್ಲೇ ಪರೀಕ್ಷೆ ನಡೆದಿದ್ದರೆ, ಅದಕ್ಕಿಂತ ಕೆಲಸಕ್ಕೆ ಬರುವುದು ಪ್ರಯೋಗಾಲಯದ ಕಡತದಲ್ಲಿ ಉಳಿದಿರಬಹುದಾದ ಗ್ಯಾಸ್ ಕ್ರೊಮಟೋಗ್ರಫಿ ನಕ್ಷೆ, ಅಂದರೆ ಮಾದರಿಯ ಆವಿಯಲ್ಲಿದ್ದ ರಾಸಾಯನಿಕಗಳನ್ನು ಬೇರ್ಪಡಿಸಿ ತೋರಿಸುವ ಗೆರೆಚಿತ್ರ. ಮಾದರಿ ಹಾಳಾದರೂ ನಕ್ಷೆ ಹಾಳಾಗುವುದಿಲ್ಲ. ‘ಪೆಟ್ರೋಲ್ ಪತ್ತೆ’ ಎಂಬ ಒಂದು ಸಾಲಿನ ವರದಿಯನ್ನು ಬದಿಗಿಟ್ಟು, ಆ ನಕ್ಷೆಯನ್ನೇ ಇವತ್ತಿನ ರಸಾಯನತಜ್ಞರ ಮುಂದೆ ಇಡಬೇಕು.

ಇನ್ನು ಕಡತ ಓದುವ ವಿಚಾರ. ಹಳೇ ಬೆಂಕಿ ಪ್ರಕರಣದಲ್ಲಿ ಹಚ್ಚಿದವರು ಯಾರು ಅನ್ನುವುದು ಎರಡನೇ ಪ್ರಶ್ನೆ. ಯಾರಾದರೂ ಹಚ್ಚಿದರೇ ಅನ್ನುವುದು ಮೊದಲನೆಯದು. 1992ರಲ್ಲಿ ಅಮೆರಿಕದಲ್ಲಿ ಎನ್‌ಎಫ್‌ಪಿಎ 921 ಎಂಬ ಬೆಂಕಿ ತನಿಖೆಯ ಮಾರ್ಗದರ್ಶಿ ಬರುವವರೆಗೆ ತನಿಖಾಧಿಕಾರಿಗಳು ಗುರುವಿನಿಂದ ಶಿಷ್ಯನಿಗೆ ಬಂದ ಲಕ್ಷಣಗಳನ್ನೇ ನಂಬಿಕೊಂಡಿದ್ದರು. ಅದು ಬಂದ ಮೇಲೂ ಬಹಳ ಜನ ಬದಲಾಗಲಿಲ್ಲ, ಅದು ಬೇರೆ ಮಾತು. ಕಿಟಕಿಯ ಗಾಜಿನಲ್ಲಿ ಜೇಡರ ಬಲೆಯಂಥ ಬಿರುಕಿದ್ದರೆ ಪೆಟ್ರೋಲ್ ಸುರಿದಿದ್ದಾರೆ ಎನ್ನುತ್ತಿದ್ದರು. ಕಾದ ಗಾಜಿನ ಮೇಲೆ ಬೆಂಕಿ ಆರಿಸುವ ನೀರು ಬಿದ್ದರೂ ಅದೇ ಬಿರುಕು ಬರುತ್ತದೆ. ಹೊಸ್ತಿಲಿನ ಅಲ್ಯೂಮಿನಿಯಂ ಪಟ್ಟಿ ಕರಗಿದ್ದರೆ ಅದನ್ನೂ ಪೆಟ್ರೋಲಿನ ಲೆಕ್ಕಕ್ಕೇ ಬರೆಯುತ್ತಿದ್ದರು. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ಗೆ, ಬರೀ ಮರದ ಬೆಂಕಿಯೂ ಅಷ್ಟು ಬಿಸಿಯಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸಿದ್ದು ನೆಲದ ಮೇಲಿನ ಅಡ್ಡಾದಿಡ್ಡಿ ಕರಕಲು ಗುರುತು. ಬೆಂಕಿ ಮೇಲಕ್ಕೆ ಹೋಗುತ್ತದೆ, ನೆಲ ಸುಟ್ಟಿದೆಯೆಂದರೆ ಏನೋ ಸುರಿದಿರಬೇಕು ಎಂಬುದು ತರ್ಕ. ಆದರೆ ಸೂರಿನ ಕೆಳಗೆ ಕಟ್ಟಿಕೊಂಡ ಹೊಗೆಯ ಪದರ ಸುಮಾರು 600 ಡಿಗ್ರಿ ಮುಟ್ಟಿದಾಗ ಅದರ ಝಳಕ್ಕೇ ಕೋಣೆಯಲ್ಲಿರುವುದೆಲ್ಲ ಹೆಚ್ಚುಕಮ್ಮಿ ಒಟ್ಟಿಗೆ ಹತ್ತಿಕೊಳ್ಳುತ್ತದೆ. ಇದೇ ಫ್ಲಾಷ್‌ಓವರ್. 1991ರಲ್ಲಿ ಫ್ಲೋರಿಡಾದ ಜಾಕ್ಸನ್‌ವಿಲ್‌ನಲ್ಲಿ ಮನೆಗೆ ಬೆಂಕಿ ಹಚ್ಚಿದ ಆರೋಪದ ಪ್ರಕರಣವೊಂದಕ್ಕಾಗಿ ಒಂದು ಪ್ರಯೋಗ ನಡೆಯಿತು. ಸುಟ್ಟ ಮನೆಯ ಪಕ್ಕದಲ್ಲೇ ಇದ್ದ ಅಂಥದ್ದೇ ಮನೆಗೆ ಅಂಥದ್ದೇ ಕಾರ್ಪೆಟ್, ಸೋಫಾ ಹಾಕಿ, ಪೆಟ್ರೋಲ್ ಇಲ್ಲದೆ ಸೋಫಾಕ್ಕೆ ಬೆಂಕಿ ಕೊಟ್ಟರು. ಐದು ನಿಮಿಷದೊಳಗೇ ಫ್ಲಾಷ್‌ಓವರ್ ಆಯಿತು, ನೆಲದಲ್ಲಿ ‘ಸುರಿದ’ ಗುರುತೂ ಮೂಡಿತು. ಆರೋಪಿಯ ಮೇಲಿನ ಮೊಕದ್ದಮೆ ಬಿದ್ದುಹೋಯಿತು. 2005ರ ಇನ್ನೊಂದು ಪರೀಕ್ಷೆಯಲ್ಲಿ, ಫ್ಲಾಷ್‌ಓವರ್ ಆದಮೇಲೆ ಎರಡೇ ನಿಮಿಷ ಉರಿಸಿದ ಕೋಣೆಯಲ್ಲಿ ಬೆಂಕಿ ಯಾವ ಕಾಲುಭಾಗದಲ್ಲಿ ಹುಟ್ಟಿತೆಂದು ಸರಿಯಾಗಿ ಹೇಳಿದವರು 53 ಬೆಂಕಿ ತನಿಖಾಧಿಕಾರಿಗಳಲ್ಲಿ ಮೂವರು. ಕಣ್ಣುಮುಚ್ಚಿ ಬೆರಳಿಟ್ಟಿದ್ದರೂ ಹದಿಮೂರು ಜನ ಗೆಲ್ಲಬೇಕಿತ್ತು!

ಮನೆಯೇ ಇಲ್ಲದಿರುವಾಗ ಪತ್ತೇದಾರನಿಗೆ ಉಳಿದ ಸ್ಥಳವೆಂದರೆ ಫೋಟೋ. ಕಡತಕ್ಕೆ ಅಂಟಿಸಿದ ಹತ್ತಿಪ್ಪತ್ತು ಪ್ರಿಂಟ್‌ಗಳು ಆಗಿನ ಅಧಿಕಾರಿಯ ಅನುಮಾನಕ್ಕೆ ತಕ್ಕಂತೆ ಆರಿಸಿದವು. ಬೇಕಾದದ್ದು ನೆಗೆಟಿವ್‌ಗಳು, ಅದರಲ್ಲೂ ಪ್ರಿಂಟ್ ಹಾಕಿಸದೇ ಬಿಟ್ಟವು. ಆಮೇಲೆ ಅಗ್ನಿಶಾಮಕ ದಳದ ಕರೆ ಪುಸ್ತಕ: ಕರೆ ಬಂದ ಹೊತ್ತು, ಗಾಡಿ ಮುಟ್ಟಿದ ಹೊತ್ತು, ಆಗ ಯಾವ ಕಿಟಕಿಯಲ್ಲಿ ಜ್ವಾಲೆ ಕಂಡಿತು. ಸಾಕ್ಷಿಗಳ ಮೊದಲ ದಿನದ ಹೇಳಿಕೆಯನ್ನೂ ಪೊಲೀಸರ ಅನುಮಾನ ಊರಿಗೆಲ್ಲ ಗೊತ್ತಾದ ಮೇಲಿನ ಹೇಳಿಕೆಯನ್ನೂ ಅಕ್ಕಪಕ್ಕ ಇಟ್ಟು ಓದಬೇಕು. ‘ಅಳುತ್ತಿದ್ದ’ ಅನ್ನುವುದು ‘ಅತ್ತಂತೆ ಮಾಡುತ್ತಿದ್ದ’ ಎಂದಾಗುವುದು ಅಲ್ಲೇ. ಬೆಂಕಿ ತಜ್ಞರಿಗೆ ಮಾತ್ರ ಈ ಹೇಳಿಕೆಗಳನ್ನಾಗಲಿ, ವಿಮೆಯ ಮೊತ್ತವನ್ನಾಗಲಿ ತೋರಿಸಬಾರದು. ಅವರು ಚಿತ್ರ ಮತ್ತು ಅಳತೆ ನೋಡಿ ಹೇಳಲಿ. ಕಾರಣ ಗೊತ್ತಾಗದು ಎಂದರೆ ಅದೂ ಉತ್ತರವೇ. ಬೇರೆ ಕಾರಣ ಸಿಗಲಿಲ್ಲ, ಆದ್ದರಿಂದ ಹಚ್ಚಿದ್ದೇ ಎನ್ನುವ ವಾದ ನಿಲ್ಲುವುದಿಲ್ಲ.

ಕೊನೆಗೆ ಕೇಳಿದ್ದೀರಿ, ಕಥೆಯಲ್ಲಿ ಮುದುಕ ತಾನಾಗಿ ತಪ್ಪೊಪ್ಪಿಕೊಂಡ ಮೇಲೂ ಪತ್ತೇದಾರ ಬಾಗಿಲಿನ ಫೋಟೋ ಏಕೆ ಹುಡುಕಿದ ಎಂದು. ಬೆಂಕಿಯ ಹೊತ್ತಿಗೆ ಬಾಗಿಲು ಮುಚ್ಚಿದ್ದರೆ ಅದರ ಅಂಚು ಮತ್ತು ಅದು ಕೂರುವ ಚೌಕಟ್ಟಿನ ಒಳಮೈ ಹೆಚ್ಚಾಗಿ ಮಸಿ ಹಿಡಿಯದೆ ಉಳಿಯುತ್ತವೆ. ತೆರೆದಿದ್ದರೆ ಅವು ಕಪ್ಪಾಗಿ, ಬಾಗಿಲ ಹಿಂದಿನ ಗೋಡೆ ಉಳಿದುಕೊಳ್ಳುತ್ತದೆ. ಇಂಥ ವಿವರ ಪತ್ರಿಕೆಗಳಲ್ಲಿ ಬಂದಿರುವುದಿಲ್ಲ. ‘ಹಿಂಬಾಗಿಲು ತೆರೆದಿಟ್ಟು ಓಡಿದೆ’ ಎಂಬ ಮುದುಕನ ಮಾತಿಗೆ ಆ ಫೋಟೋ ಹೊಂದದಿದ್ದರೆ, ಅವನನ್ನು ಬಂಧಿಸುವ ಮೊದಲು ಅವನು ಯಾರನ್ನು ಉಳಿಸಲು ಹೊರಟಿದ್ದಾನೆ ಎಂದು ವಿಚಾರಿಸಬೇಕಾಗುತ್ತದೆ.

— ಸಂ.