ಪ್ರಾಕ್ಸಿ ಇರಲಿ, ಆ 18 ಡಾಲರ್ ಎಲ್ಲಿ?

ಅಮೆರಿಕದ ಡಲ್ಲಾಸ್ ಹತ್ತಿರದಿಂದ ಒಬ್ಬ ತಾಯಿ ಬರೆದಿದ್ದಾರೆ. ಮಗ ಏಳನೇ ಕ್ಲಾಸು. ಶಾಲೆ ಕೊಟ್ಟ ಕ್ರೋಮ್‌ಬುಕ್ ಲ್ಯಾಪ್‌ಟಾಪ್‌ನಲ್ಲಿ ಗೇಮ್ ಸೈಟುಗಳಿಗೆ ಬೀಗ. ಹುಡುಗ ಪ್ರಾಕ್ಸಿ ಹಿಡಿದು ಒಳಗೆ ನುಗ್ಗಿ, ಆಡಿ, ಸಿಕ್ಕಿಬಿದ್ದಿದ್ದಾನೆ. ‘ಮಗ ಹ್ಯಾಕರ್ ಆಗಿಬಿಟ್ಟ, ಪೊಲೀಸ್ ಕೇಸಾದರೆ ಗತಿಯೇನು?’ ಎಂದು ಇವರಿಗೆ ನಿದ್ದೆಯಿಲ್ಲ. ಯಜಮಾನರು ಮಾತ್ರ ‘ನನ್ನ ಮಗ ಜಾಣ’ ಅಂತ ಮೀಸೆ ತಿರುವುತ್ತಿದ್ದಾರಂತೆ.

ಹ್ಯಾಕರ್ ಅನ್ನುವುದು ಜಾಸ್ತಿಯಾಯಿತು. ಪ್ರಾಕ್ಸಿ ಅಂದರೆ ಏಕಾದಶಿ ದಿನ ಪಕ್ಕದ ಮನೆ ಹುಡುಗನ ಕೈಲಿ ಬೋಂಡಾ ತರಿಸಿಕೊಂಡ ಹಾಗೆ. ಬೇಡ ಅಂದ ಸೈಟನ್ನು ಇನ್ನೊಂದು ಸೈಟು ತಂದುಕೊಡುತ್ತದೆ, ಅಷ್ಟೇ. 2005ರಲ್ಲಿ ಪೆನ್ಸಿಲ್ವೇನಿಯಾದ ಕುಟ್ಜ್‌ಟೌನ್‌ನಲ್ಲಿ 13 ಹೈಸ್ಕೂಲ್ ಮಕ್ಕಳ ಮೇಲೆ ಗಂಭೀರ ಅಪರಾಧದ ಕೇಸೇ ಬಿದ್ದಿತ್ತು. ಎಲ್ಲ ಬೀಗಗಳನ್ನೂ ತೆಗೆಯಬಲ್ಲ ಅಡ್ಮಿನ್ ಪಾಸ್‌ವರ್ಡನ್ನು ಶಾಲೆಯವರು ಲ್ಯಾಪ್‌ಟಾಪ್‌ಗಳ ಹಿಂಬದಿಗೇ ಅಂಟಿಸಿದ್ದರು, ಮಕ್ಕಳು ಅದನ್ನೇ ಬಳಸಿದ್ದರು! ಕೊನೆಗೆ ಹೆಚ್ಚಿನವರಿಗೆ 15 ಗಂಟೆ ಸಮುದಾಯ ಸೇವೆ, ಒಂದು ಕ್ಷಮಾಪಣೆ ಪತ್ರ. ನಿಮ್ಮವನು ಯಾರ ಪಾಸ್‌ವರ್ಡನ್ನೂ ಮುಟ್ಟಿಲ್ಲ. ಹಾಗಂತ ಶಾಲೆಯನ್ನೂ ಬೈಯಬೇಡಿ. ಇಂಟರ್ನೆಟ್‌ಗೆ ಸರ್ಕಾರದ ರಿಯಾಯಿತಿ ಪಡೆಯುವ ಅಲ್ಲಿನ ಶಾಲೆಗಳು ಫಿಲ್ಟರ್ ಹಾಕಲೇಬೇಕು, 2000ರಿಂದಲೂ ಕಾನೂನಿದೆ. ಅದು ಅಶ್ಲೀಲ ಚಿತ್ರಗಳನ್ನು ತಡೆಯಲು ಬಂದದ್ದು, ಗೇಮ್ ಬೀಗ ಶಾಲೆಯವರೇ ಸೇರಿಸಿದ್ದು, ಆ ಮಾತು ಬೇರೆ.

ಪತ್ರದ ಕೊನೆಗೆ ‘ಅಂದಹಾಗೆ’ ಎಂದು ಒಂದು ಸಾಲಿದೆ. ಒಂಬತ್ತು ಗೆಳೆಯರಿಗೆ ಲಿಂಕ್ ಕೊಟ್ಟು ತಲಾ ಎರಡು ಡಾಲರ್ ತೆಗೆದುಕೊಂಡನಂತೆ. ಅಂದಹಾಗೆನಾ? ನನಗೆ ಇಡೀ ಪತ್ರವೇ ಆ ಸಾಲು. ಆಟದಾಸೆಗೆ ಬೇಲಿ ಹಾರಿದ ಹುಡುಗನನ್ನು ಎರಡು ಮಾತು ಬೈದು ಊಟಕ್ಕೆ ಕರೆಯುತ್ತಿದ್ದೆ. ಇವನು ಬೇಲಿ ಸಂದಿಯಲ್ಲಿ ಟಿಕೆಟ್ ಹರಿಯಲು ಕೂತಿದ್ದಾನೆ. ಆ ಒಂಬತ್ತು ಮಕ್ಕಳಿಗೆ ಮನೆಯಲ್ಲಿ ಎಷ್ಟು ಬಿತ್ತೋ, ನೀವು ಬರೆದಿಲ್ಲ.

ಈ ಬುದ್ಧಿ ಎಲ್ಲಿಂದ ಬಂತು? ಬೇಸಿಗೆಗೆ ಬೆಂಗಳೂರಿನಿಂದ ಬಂದಿದ್ದ ನಿಮ್ಮ ತಮ್ಮ ‘ಸುಮ್ನೆ ಯಾಕೆ ಫ್ರೀ ಕೊಡ್ತೀಯೋ?’ ಅಂದನಂತೆ. ಸೋದರಮಾವ ಅಂದರೆ ಕಿವಿ ಚುಚ್ಚಿಸುವಾಗ ತೊಡೆ ಮೇಲೆ ಕೂರಿಸಿಕೊಳ್ಳುವವನು. ಈ ಮಹಾರಾಯ ಕಿವಿ ಊದಿ ಹೋಗಿದ್ದಾನೆ. ನನ್ನ ಹಳೇ ರಾಗ ಗೊತ್ತಲ್ವಾ: ಮಕ್ಕಳಿಗೆ ಬುದ್ಧಿ ಹೇಳುವ ಮೊದಲು ನೆಂಟರಿಗೆ ಹೇಳಿ.

ಮಾಡಬೇಕಾದ್ದು ಒಂದೇ. ಆ 18 ಡಾಲರನ್ನು ಹುಡುಗ ತನ್ನ ಕೈಯಾರೆ ಒಂಬತ್ತು ಜನಕ್ಕೂ ವಾಪಸ್ ಕೊಡಲಿ. ನೀವು ಪರ್ಸ್ ತೆಗೆಯಬೇಡಿ. ದುಡ್ಡು ಖರ್ಚಾಗಿದ್ದರೆ ಮಾವನಿಗೆ ಫೋನ್ ಮಾಡಿ ಕೇಳಲಿ. ಸ್ಪೀಕರ್ ಆನ್ ಇರಲಿ, ಯಜಮಾನರಿಗೂ ಕೇಳಿಸಲಿ.