ಒಂದೇ ರೂಮಲ್ಲಿ ಒಂದು ಕೆಲಸಕ್ಕೆ ಅಪರಿಚಿತರು ಕಿತ್ತಾಡೋ ಥ್ರಿಲ್ಲರ್ ಯಾವುದು?

ನೀವು ಕೇಳ್ತಿರೋದು 2009ರ ಬ್ರಿಟಿಷ್ ಸಿನಿಮಾ ‘ಎಕ್ಸಾಮ್’ ಅನ್ಸುತ್ತೆ, ಸ್ಟುವರ್ಟ್ ಹೇಜಲ್‌ಡೀನ್ ಡೈರೆಕ್ಟರ್. ಕಿಟಕಿ ಇಲ್ದಿರೋ ರೂಮು, 8 ಜನ, 80 ನಿಮಿಷ, ಪೇಪರ್ ತಿರುಗಿಸಿದ್ರೆ ಪೂರ್ತಿ ಖಾಲಿ, ಪ್ರಶ್ನೆನೇ ಇಲ್ಲ! ಮೇಲ್ವಿಚಾರಕನ ಹತ್ರ ಮಾತಾಡಂಗಿಲ್ಲ, ಪೇಪರ್ ಹಾಳು ಮಾಡಂಗಿಲ್ಲ, ರೂಮ್ ಬಿಟ್ಟು ಹೋಗಂಗಿಲ್ಲ, ಒಬ್ಳು ಪಾಪ ಪೆನ್ಸಿಲ್ ಹಿಡಿದು ಬರೆಯೋಕೆ ಶುರು ಮಾಡಿದ್ಲು ಅಷ್ಟೇ, ಔಟ್. ಉಳಿದೋರು ಕಾಣದ ಇಂಕ್ ಇರ್ಬೋದು ಅಂತ ಲೈಟು, ಬೆಂಕಿ ಎಲ್ಲ ಟ್ರೈ ಮಾಡ್ತಾರೆ, ಆಮೇಲೆ ಒಬ್ರನ್ನೊಬ್ರು ಹೊರಗೆ ಹಾಕ್ಸೋಕೆ ನೋಡ್ತಾರೆ, ಮಜಾ ಇರೋದೇ ಅಲ್ಲಿ. ಕೊನೆಲಿ ಸ್ವಲ್ಪ ಜಾಸ್ತಿನೇ ವಿವರಿಸ್ಬಿಟ್ಟಿದ್ದಾರೆ ನನ್ ಪ್ರಕಾರ. ನೀವೂ ನಮ್ ಮಡಿಕೇರಿ ಕಡೆಯವ್ರಾದ್ರೆ ಜುಲೈ ಮಳೆಗೆ ಕರೆಂಟ್ ಹೋಗೋ ಮುಂಚೆ ಒಂದೇ ಸಲಕ್ಕೆ ನೋಡ್ಬಿಡಿ, ಮಧ್ಯದಲ್ಲಿ ನಿಂತ್ರೆ ತಲೆ ಕೆಡುತ್ತೆ.