ಓದು ಬರುತ್ತದೆ, ಲೆಕ್ಕ ಮಾತ್ರ ತಪ್ಪುತ್ತದೆ

ಪ್ರಶ್ನೆ: ಜೂನ್ ಮಧ್ಯದಲ್ಲಿ ಹುಟ್ಟಬೇಕಿದ್ದ ನನ್ನ ಮಗಳು ಮಾರ್ಚ್ ಕೊನೆಯಲ್ಲೇ, 29ನೇ ವಾರಕ್ಕೆ ಹುಟ್ಟಿದಳು. ತೂಕ 1,100 ಗ್ರಾಂ ಇತ್ತು. ಈಗ ಮೂರನೇ ತರಗತಿ. ಕಥೆ ಪುಸ್ತಕಗಳನ್ನು ಸರಾಗವಾಗಿ ಓದುತ್ತಾಳೆ, ಆದರೆ ಲೆಕ್ಕ ತಪ್ಪುತ್ತಾಳೆ, ಬೋರ್ಡಿನ ಮೇಲಿದ್ದುದನ್ನು ಪೂರ್ತಿ ಬರೆದುಕೊಳ್ಳುವುದಿಲ್ಲ. ಶಿಕ್ಷಕರು ‘ಸೋಮಾರಿ’ ಎನ್ನುತ್ತಾರೆ. ಇನ್ನೊಂದು ಟ್ಯೂಷನ್‌ಗೆ ಸೇರಿಸಲೇ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಟ್ಯೂಷನ್ ಸದ್ಯಕ್ಕೆ ಬೇಡ. ನೀವು ಕಳುಹಿಸಿರುವ ನೋಟ್‌ಬುಕ್ಕಿನ ಪುಟವನ್ನೇ ನೋಡಿ. 42ಕ್ಕೆ 7 ಕೂಡಿಸುವಾಗ ಏಳನ್ನು ಎರಡರ ಕೆಳಗೆ ಬರೆಯುವ ಬದಲು ನಾಲ್ಕರ ಕೆಳಗೆ ಬರೆದು 112 ಎಂದು ಉತ್ತರ ತಂದಿದ್ದಾಳೆ. ಅಂದರೆ ಅವಳಿಗೆ ಕೂಡಿಸುವುದು ಬರುತ್ತದೆ, ಅಂಕಿಯನ್ನು ಅದರ ಜಾಗದಲ್ಲಿ ಕೂರಿಸುವುದು ಕಷ್ಟವಾಗುತ್ತಿದೆ. ಇದನ್ನು ಸೋಮಾರಿತನವೆನ್ನುವುದು ಮಗುವಿಗೆ ಮಾಡುವ ಅನ್ಯಾಯ.

ಗರ್ಭದ ಕೊನೆಯ ಮೂರು ತಿಂಗಳಲ್ಲಿ ಮಿದುಳು ವೇಗವಾಗಿ ಬೆಳೆಯುತ್ತದೆ, ಅದರ ಮಡಿಕೆಗಳು ಮೂಡುತ್ತವೆ, ಒಂದು ಭಾಗವನ್ನು ಇನ್ನೊಂದಕ್ಕೆ ಜೋಡಿಸುವ ನರತಂತುಗಳು ಬಲಗೊಳ್ಳುತ್ತವೆ. 1,500 ಗ್ರಾಂಗಿಂತ ಕಡಿಮೆ ತೂಕದಲ್ಲಿ ಅವಧಿಗೆ ಮುನ್ನ ಹುಟ್ಟುವ ಮಕ್ಕಳಲ್ಲಿ ಈ ಕೆಲಸದ ಬಹುಪಾಲು ಗರ್ಭದ ಹೊರಗೆ, ನವಜಾತ ಶಿಶುಗಳ ತೀವ್ರ ನಿಗಾ ಘಟಕದ (ಎನ್‌ಐಸಿಯು) ಬೆಳಕು ಸದ್ದುಗಳ ನಡುವೆ ನಡೆಯಬೇಕಾಗುತ್ತದೆ. ಅನೇಕರು ಯಾವ ತೊಂದರೆಯೂ ಇಲ್ಲದೆ ಓದುತ್ತಾರೆ. ತೊಂದರೆ ಇರುವವರಲ್ಲಿ ಅದು ಓದಿಗಿಂತ ಗಣಿತದಲ್ಲಿ, ಕೇಳಿದ್ದನ್ನು ಕ್ಷಣಕಾಲ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದರಲ್ಲಿ, ಬರವಣಿಗೆಯ ವೇಗದಲ್ಲಿ ಹೆಚ್ಚಾಗಿ ಕಾಣುತ್ತದೆ. ಇವರು ಗಲಾಟೆ ಮಾಡದೆ ಸುಮ್ಮನೆ ಹಿಂದುಳಿಯುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಇನ್ನೊಂದು ಮಾತು: ಜೂನ್ 1ಕ್ಕೆ ವಯಸ್ಸು ಲೆಕ್ಕ ಹಾಕುವ ನಮ್ಮ ಶಾಲೆಗಳಲ್ಲಿ, ನಿಮ್ಮ ಮಗಳು ದಿನ ತುಂಬಿ ಹುಟ್ಟಿದ್ದರೆ ಈಗ ಎರಡನೇ ತರಗತಿಯಲ್ಲಿರುತ್ತಿದ್ದಳು. ಅಕ್ಕಪಕ್ಕದ ಮಕ್ಕಳೊಡನೆ ಹೋಲಿಸುವವರು ಇದನ್ನು ಮರೆಯಬಾರದು.

ಮೊದಲು ಕಣ್ಣು ಮತ್ತು ಕಿವಿಯ ಪರೀಕ್ಷೆ ಮಾಡಿಸಿ. ಬೇಗ ಹುಟ್ಟಿದ ಮಕ್ಕಳಿಗೆ ಅಕ್ಷಿಪಟಲದ ತೊಂದರೆ ಬರುವುದುಂಟು, ಅದು ಬಾರದಿದ್ದರೂ ಮುಂದೆ ಕನ್ನಡಕ ಬೇಕಾಗಬಹುದು. ಆಮೇಲೆ ಬುದ್ಧಿಶಕ್ತಿ ಮತ್ತು ಕಲಿಕೆಯ ಮೌಲ್ಯಮಾಪನ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದು ಸಿಗುತ್ತದೆ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲೂ ವಿಚಾರಿಸಿ. ಹುಟ್ಟಿದಾಗಿನ ಡಿಸ್‌ಚಾರ್ಜ್ ಕಾಗದಗಳನ್ನು ಮರೆಯದೆ ಒಯ್ಯಿರಿ. ನಿರ್ದಿಷ್ಟ ಕಲಿಕಾ ನ್ಯೂನತೆ (ಬುದ್ಧಿಶಕ್ತಿ ಇದ್ದೂ ಓದು, ಬರಹ ಅಥವಾ ಲೆಕ್ಕದಲ್ಲಿ ಕಾಣುವ ತೊಂದರೆ) ಎಂದು ದೃಢಪಟ್ಟರೆ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಅದೂ ಸೇರಿರುವುದರಿಂದ, ಮುಂದೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂತಹ ಅನುಕೂಲಗಳನ್ನು ಕೇಳಬಹುದು.

ವರದಿ ಬರುವ ತನಕ ಚೌಕುಳಿ ಪುಸ್ತಕದಲ್ಲಿ ಒಂದು ಮನೆಗೆ ಒಂದೇ ಅಂಕಿಯಂತೆ ಲೆಕ್ಕ ಬರೆಸಿ. ಬಿಡಿ ಮತ್ತು ಹತ್ತುಗಳ ಸಾಲುಗಳಿಗೆ ಬೇರೆ ಬೇರೆ ಬಣ್ಣ ಹಚ್ಚಿ. ಹುಣಸೆ ಬೀಜಗಳನ್ನು ಹತ್ತುಹತ್ತರ ಗುಂಪು ಮಾಡಿಸಿ. ಮಗಳು ಎಷ್ಟು ಬೇಗ ಹುಟ್ಟಿದಳೆಂಬುದನ್ನು ಶಿಕ್ಷಕರಿಗೆ ತಿಳಿಸಿ, ಮುಂದಿನ ಬೆಂಚಿನಲ್ಲಿ ಕೂರಿಸಲು, ಹತ್ತು ಲೆಕ್ಕದ ಬದಲು ಐದು ಕೊಡಲು, ಒಮ್ಮೆಗೆ ಒಂದೇ ಸೂಚನೆ ಹೇಳಲು ಕೇಳಿಕೊಳ್ಳಿ. ಆ ಪುಟವನ್ನೂ ತೋರಿಸಿ.